ದಾವಣಗೆರೆಯ ಬಟ್ಟೆ, ಹರಿಹರದ ಹೊಳೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರಿಗೆ ದಾರಿಯಲ್ಲಿ ದಾವಣಗೆರೆ ಸಿಕ್ಕುವುದು. ಅಲ್ಲಿಂದ ಸುಮಾರು 14 ಕಿಲೋಮೀಟರು ಮುಂದೆ, ತುಂಗಭದ್ರೆಯ ದಂಡೆಯ ಮೇಲೆ ಹರಿಹರವಿದೆ. ಮೊದಲನೆಯದು ವ್ಯಾಪಾರದ ಊರು, ಎರಡನೆಯದು ಪುಣ್ಯಕ್ಷೇತ್ರ. ಮನೆಗೆ ಅರಿವೆ ಕೊಳ್ಳುವ ಗೃಹಸ್ಥರು ಈ ಎರಡು ಊರುಗಳಿಂದಲೂ ಕಲಿಯತಕ್ಕ ಪಾಠವುಂಟು.

ಹತ್ತಿಯ ವ್ಯಾಪಾರದಿಂದಲೂ ಬಟ್ಟೆಯ ಗಿರಣಿಗಳಿಂದಲೂ ಬೆಳೆದ ದಾವಣಗೆರೆಯು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರೆಂದು ಖ್ಯಾತಿ ಪಡೆದಿದ್ದಿತು. ಇಪ್ಪತ್ತನೆಯ ಶತಮಾನವು ಮುಗಿಯುವ ವೇಳೆಗೆ ಗಿರಣಿಗಳಲ್ಲಿ ಹೆಚ್ಚಿನವು ನಿಂತುಹೋದುವು. ಭದ್ರಾ ನಾಲೆಯ ನೀರು ಹರಿದ ಕಡೆ ಬತ್ತವೂ, ಮಳೆಯನ್ನು ನೆಚ್ಚಿದ ಹೊಲಗಳಲ್ಲಿ ಮೆಕ್ಕೆಜೋಳವೂ ಬೆಳೆದು ನಿಂತುವು. ಗಿರಣಿಯಲ್ಲಿ ದುಡಿಯುವವರಿದ್ದ ಮನೆಯಲ್ಲಿ ನೂಲಿನ ಗುಣವನ್ನು ಕೇಳಿ ತಿಳಿಯಬಹುದಾಗಿದ್ದಿತು. ಈಗ ಕೊಳ್ಳುವವರ ಕೈಬೆರಳೇ ಗುರುವಾಗಬೇಕು.

ಈ ಊರಿನ ಅಂಗಡಿಸಾಲಿನಲ್ಲಿ ಕುಳಿತು ಥಾನುಗಳನ್ನು ಬಿಚ್ಚಿಸಿದಾಗ ನಮ್ಮ ಕಣ್ಣು ಮೊದಲು ಬಣ್ಣದ ಕಡೆಗೇ ಓಡುವುದು. ಆದರೆ ಬಟ್ಟೆಯ ಬಾಳಿಕೆಯು ಅದರ ಮೈಯಲ್ಲಿದೆ. ಹಾಸು, ಹೊಕ್ಕು ಎಂಬ ಎರಡು ನೂಲುಗಳ ಕೂಟವೇ ಬಟ್ಟೆ. ಎರಡೆರಡು ಎಳೆಗಳನ್ನು ಜೊತೆಗೂಡಿಸಿ ನೇಯ್ದರೆ ದೋಸೂತಿ. ಅದು ದಪ್ಪವಾಗಿ, ದಿಂಬಿನ ಗವಸಿಗೂ ಮೇಜಿನ ಹಾಸಿಗೂ ಕಸೂತಿಗೂ ಒದಗುವುದು. ಹೊಕ್ಕು ಒಂದೊಂದು ಎಳೆ ಸರಿಯುತ್ತ ಓರೆಗೆರೆ ಮೂಡಿದರೆ ಡ್ರಿಲ್ಲು. ಕುರ್ಚಿಯ ಹೊದಿಕೆಗೆ ಅದೇ ಗಟ್ಟಿ. ಜೇನುಗೂಡಿನಂತೆ ಕುಳಿಕುಳಿಯಾದ ನೇಯ್ಗೆ ನೀರನ್ನು ಬೇಗ ಹೀರುವುದರಿಂದ ಅಂಗವಸ್ತ್ರಕ್ಕೆ ಮೇಲು. ಹಾಸಿನ ಕೆಲವು ಎಳೆಗಳನ್ನು ಬಿಗಿಯಾಗಿಯೂ ಕೆಲವನ್ನು ಸಡಿಲವಾಗಿಯೂ ಇಟ್ಟು ನೇಯ್ದ ಸೀರ್‌ಸಕ್ಕರು ಪಟ್ಟೆಪಟ್ಟೆಯಾಗಿ ಸುಕ್ಕುಗಟ್ಟುವುದು. ಹಾಲು ಸಕ್ಕರೆ ಎಂಬರ್ಥದ ಪಾರಸೀ ಮಾತಿನಿಂದ ಅದಕ್ಕೆ ಆ ಹೆಸರು. ಮೈಗೆ ಅಂಟಿಕೊಳ್ಳದ ಕಾರಣ ಬೇಸಗೆಯಲ್ಲಿ ಮಕ್ಕಳ ಅಂಗಿಗೆ ಅದು ಹಿತ, ಇಸ್ತ್ರಿಯೂ ಬೇಡ.

ಹೊಲಿಯುವ ಗೃಹಿಣಿಯರು ಬಟ್ಟೆಯನ್ನು ಎರಡು ಕಡೆಗೂ ಎಳೆದು ನೋಡಲಿ. ಅಂಚಿಗೆ ಸಮನಾಗಿ ಓಡುವ ಹಾಸು ಕಡಮೆ ಹಿಗ್ಗುವುದು. ಪರದೆಯ ಉದ್ದವನ್ನು ಆ ಕಡೆಗೇ ಕತ್ತರಿಸಿದರೆ ಅದು ಜೋಲುವುದಿಲ್ಲ. ಒರಟು ನೇಯ್ಗೆಯ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ, ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ ಹಿಡಿಯತಕ್ಕದ್ದು.

ಇನ್ನು ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಶಿವನೂ ವಿಷ್ಣುವೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ದರ್ಶನ ಮಾಡಿ ಹೊಳೆಯ ಕಡೆಗೆ ಬಂದರೆ ಆಚೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಕುಮಾರಪಟ್ಟಣದ ದೊಡ್ಡ ಕಾರ್ಖಾನೆಯುಂಟು. ಅಲ್ಲಿ 1970ರ ದಶಕದಿಂದ ಮರದ ತಿರುಳನ್ನು ಕರಗಿಸಿ ವಿಸ್ಕೋಸ್ ಎಂಬ ನಾರನ್ನು ತೆಗೆಯುತ್ತಾರೆ. ಹತ್ತಿಯ ಸೀಮೆಯ ಎದುರಿನಲ್ಲಿಯೇ ಹತ್ತಿಯನ್ನು ಹೋಲುವ ನಾರು!

ಸುಟ್ಟು ನೋಡಿದರೆ ಎರಡರ ಭೇದವೂ ತಿಳಿಯದು. ಎರಡೂ ಸುಟ್ಟ ಕಾಗದದಂತೆಯೇ ನಾರುವುವು. ಪಾಲಿಯೆಸ್ಟರು ಬೆರೆತಿದ್ದರೆ ಮಾತ್ರ ಕರಗಿ ಗಟ್ಟಿ ಮಣಿಯಾಗುವುದು. ಹತ್ತಿಗೂ ವಿಸ್ಕೋಸಿಗೂ ಪರೀಕ್ಷೆಯು ನೀರಿನಲ್ಲಿದೆ. ನೆನೆದ ಹತ್ತಿಯ ನೂಲು ಒಣಗಿದ್ದಾಗಿಗಿಂತ ಬಲವಾಗುವುದು. ನೆನೆದ ವಿಸ್ಕೋಸು ತನ್ನ ಬಲದಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುವುದು. ಅಂಚಿನಿಂದ ಒಂದು ಎಳೆಯನ್ನು ಬಿಡಿಸಿ, ನಡುವೆ ಒದ್ದೆಮಾಡಿ ಎಳೆಯಿರಿ. ಒದ್ದೆಯಾದ ಕಡೆಯೇ ಸುಲಭವಾಗಿ ತುಂಡಾದರೆ ಅದು ವಿಸ್ಕೋಸೆಂದು ಸಂದೇಹಪಡಬಹುದು.

ವಿಸ್ಕೋಸನ್ನು ನಾವು ಹಳಿಯುತ್ತಿಲ್ಲ. ಮೃದುವಾಗಿ ಇಳಿಬೀಳುವ ಅದು ಆಗೊಮ್ಮೆ ಈಗೊಮ್ಮೆ ಒಗೆಯುವ ಪರದೆಗೆ ಚೆಲುವೇ ಸರಿ. ಆದರೆ ವಾರವಾರವೂ ಕಲ್ಲಿನ ಮೇಲೆ ಕುಕ್ಕಿಸಿಕೊಳ್ಳುವ ಹಾಸಿಗೆಯ ಹೊದಿಕೆಗೂ ಕೂಸಿನ ಬಟ್ಟೆಗೂ ಹತ್ತಿಯೇ ತಕ್ಕುದು. ಒಂದರ ಬೆಲೆಯನ್ನು ಕೊಟ್ಟು ಮತ್ತೊಂದನ್ನು ತಂದರೆ ನಷ್ಟವು ಮನೆಯ ಗಂಟಿಗೇ. ಅಂಗಡಿಯವನ ಮಾತಿಗೆ ಮೊದಲು ಬೆರಳನ್ನೂ ನೀರನ್ನೂ ಕೇಳುವ ಅಭ್ಯಾಸವನ್ನು ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕಲಿಸುವುದು ಒಳ್ಳೆಯದು.