ಎಚ್ಚರದ ಪಾಳಿ

ರೈಲಿನಲ್ಲಿ ರಾತ್ರಿ ಕಳೆದವರಿಗೆಲ್ಲ ಒಂದು ಸತ್ಯ ಗೊತ್ತು. ಅಲ್ಲಿ ಒಬ್ಬರು ನಿಶ್ಚಿಂತೆಯಿಂದ ನಿದ್ರಿಸಬೇಕಾದರೆ ಮತ್ತೊಬ್ಬರು ಎಚ್ಚರವಿರಲೇಬೇಕು. ಇಂಜಿನ್ನಿನಲ್ಲಿ ಕುಳಿತ ಚಾಲಕನ ಎಚ್ಚರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಎದುರು ಬರ್ತಿನಲ್ಲಿ ಟ್ರಂಕಿನ ಮೇಲೆ ಕಾಲಿಟ್ಟು ಕುಳಿತ ಯಜಮಾನನ ಎಚ್ಚರವನ್ನು ಮನೆಮಂದಿಯೆಲ್ಲ ಕಂಡಿರುತ್ತಾರೆ. ಕಂಡು, ಮಗ್ಗುಲು ಬದಲಿಸಿ, ಮತ್ತೆ ನಿದ್ದೆಹೋಗಿರುತ್ತಾರೆ.

ಬಸವಕಲ್ಯಾಣದ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ 35 ವರ್ಷಗಳ ಕಾಲ ಇಂತಹ ಕಾವಲಿನ ಸುಖ ದೊರೆತಿತ್ತು. ಬಸವಕಲ್ಯಾಣಕ್ಕೆ ರೈಲಿಲ್ಲ. ಸುಮಾರು 30 ಕಿಲೋಮೀಟರ್ ದೂರದ ಹುಮನಾಬಾದಿಗೂ ಆಗ ರೈಲು ಬಂದಿರಲಿಲ್ಲ. ಬೆಂಗಳೂರಿಗೋ ಮುಂಬಯಿಗೋ ಹೊರಟರೆ ಬಸ್ಸು ಹತ್ತಿ ಕಲಬುರಗಿ ಸೇರಿ, ಅಲ್ಲಿ ರಾತ್ರಿಯ ಗಾಡಿ ಹಿಡಿಯಬೇಕು. ಟ್ರಂಕಿಗೆ ಸರಪಳಿ ಬಿಗಿದು, ಎಲ್ಲರ ಚಪ್ಪಲಿಗಳನ್ನೂ ಬರ್ತಿನ ಕೆಳಗೆ ಒಳಕ್ಕೆ ಸರಿಸಿ, ಪತಿ “ನೀ ಮಕ್ಕೋ, ನಾ ಇದ್ದೀನಿ” ಎನ್ನುತ್ತಿದ್ದರು. ಆಕೆ ಮಲಗುತ್ತಿದ್ದರು. ಬೆಳಗಾಗುವವರೆಗೆ ಅವರು ಏನು ಮಾಡುತ್ತಿದ್ದರೆಂದು ಆಕೆ ಒಮ್ಮೆಯೂ ಕೇಳಿದವರಲ್ಲ.

“ಹುಮನಾಬಾದಿಗಿ ರೈಲ್ ಬರ್ಲಿ, ಮೊದಲ್ನೇ ದಿನಾನೇ ಹೋಗೋಣು” ಎಂಬುದು ಅವರ ಮಾತು. ಬೀದರ–ಕಲಬುರಗಿ ನಡುವಣ 110 ಕಿಲೋಮೀಟರ್ ಮಾರ್ಗದ ಉದ್ಘಾಟನೆ 2017ರ ಅಕ್ಟೋಬರ್ 29ರಂದು ಆಯಿತು. ಅವರು ತೀರಿಕೊಂಡು ಆಗಲೇ ಎರಡು ವರ್ಷ ಕಳೆದಿತ್ತು. ಅಂದು ಆಕೆ ಹುಮನಾಬಾದಿಗೆ ಹೋಗಲಿಲ್ಲ. ಮುಂದೆ ರೈಲು ಹತ್ತಿದಾಗಲೆಲ್ಲ ಎಚ್ಚರದ ಪಾಳಿ ತಮಗೇ ಬಂದಿತೆಂದು ಭಾವಿಸಿ ರಾತ್ರಿಯಿಡೀ ಕುಳಿತೇ ಇರುತ್ತಿದ್ದರು.

ಅವರ ಮಗ ಇರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ತನ್ನ ಬಳಿಗೆ ಬಂದ ತಾಯಿಗೆ ಆಸ್ಟ್ರಿಯಾದ ವಿಯೆನ್ನಾ ನಗರವನ್ನು ತೋರಿಸಬೇಕೆಂದು, ರಾತ್ರಿಯ ರೈಲಿನಲ್ಲೇ ಬರ್ತು ಕಾದಿರಿಸಿದನು. ವಿಮಾನದ ಟಿಕೆಟ್ಟು ಅಗ್ಗವಾದ ಮೇಲೆ ಯುರೋಪಿನಲ್ಲಿ ಮಲಗುವ ಗಾಡಿಗಳ ಕಾಲ ಮುಗಿಯಿತೆಂದೇ ಬಹಳ ಜನ ಎಣಿಸಿದ್ದರು. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ಇಂತಹ ತನ್ನ ಗಾಡಿಗಳನ್ನು ಕೈಬಿಟ್ಟಾಗ, ಆಸ್ಟ್ರಿಯಾದ ರೈಲ್ವೆ ಅವುಗಳಲ್ಲಿ ಕೆಲವನ್ನು ವಹಿಸಿಕೊಂಡು ‘ನೈಟ್‌ಜೆಟ್’ ಎಂಬ ಹೆಸರಿನಿಂದ ಓಡಿಸತೊಡಗಿತು. ಅಲ್ಲಿ ಹೀಗೆ ರಾತ್ರಿಯ ಗಾಡಿಗಳ ಅಳಿವು ಉಳಿವಿನ ಮಾತು ನಡೆದಿದ್ದಾಗ, ಇಲ್ಲಿ ಹುಮನಾಬಾದಿನ ಜನ ತಮ್ಮ ರೈಲಿಗಾಗಿ ಕಾಯುತ್ತಿದ್ದರು!

ಗಾಡಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಹೊರಟಿತು. ಪುಟ್ಟ ಕೋಣೆಯೊಂದರಲ್ಲಿ ಎದುರುಬದುರಾಗಿ ಆರು ಬರ್ತುಗಳು. ದಿಂಬು, ಹೊದಿಕೆ, ಶುಭ್ರವಾದ ಹಾಸು. ಬೆಳಿಗ್ಗೆ ಚಹಾ ಬೇಕೋ ಕಾಫಿ ಬೇಕೋ ಎಂದು ರಾತ್ರಿಯೇ ಕೇಳಿಕೊಂಡು ಹೋದ ಪರಿಚಾರಕ. ತಾಯಿ ಬುತ್ತಿಯ ಗಂಟು ಬಿಚ್ಚಿದರು. ಎದುರಿಗಿದ್ದ ವಿದ್ಯಾರ್ಥಿನಿಯೊಬ್ಬಳು ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ರುಚಿ ನೋಡಿ, ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ತುಂಡಿಗೆ ಕೈ ನೀಡಿದಳು. ಆಮೇಲೆ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತು. ದೀಪ ಆರಿತು.

ತಾಯಿ ಕೆಳಗಿನ ಬರ್ತಿನಲ್ಲಿ ಒರಗಿಕೊಂಡರೇ ಹೊರತು ಕಣ್ಣು ಮುಚ್ಚಲಿಲ್ಲ. ಕೈಚೀಲ ತಲೆದಿಂಬಿನ ಅಡಿಯಲ್ಲಿ. ಚೀಲದ ದಾರ ಮಣಿಕಟ್ಟಿನಲ್ಲಿ. ಮಗ ದಣಿದಿದ್ದಾನೆ, ಅವನಾದರೂ ಮಲಗಲಿ ಎಂದು ಅವರ ಯೋಚನೆ.

ಹನ್ನೊಂದರ ಸುಮಾರಿಗೆ ಬುಖ್ಸ್ ಎಂಬ ಗಡಿಯ ನಿಲ್ದಾಣದಲ್ಲಿ ಗಾಡಿ ನಿಂತಿತು. ನಿಂತು, ಬಂದ ದಿಕ್ಕಿಗೇ ಚಲಿಸತೊಡಗಿತು. ಆಕೆ ಗಾಬರಿಯಿಂದ ಎದ್ದು ಕುಳಿತು, “ತಮ್ಮಾ, ಗಾಡಿ ಹಿಂದಕ್ಕ ಹೊಂಟದ!” ಎಂದು ಪಿಸುಗುಟ್ಟಿದರು.

ಮಾತು ಮುಗಿಯುವ ಮೊದಲೇ ಎದುರಿನ ನಡು ಬರ್ತಿನಿಂದ ಉತ್ತರ ಬಂದಿತು. “ಹಿಂದಕ್ಕಲ್ಲ ಯವ್ವಾ. ಇಲ್ಲಿ ಇಂಜಿನ್ ಆ ಕಡಿ ಹಚ್ಚತಾರ. ಇನ್ನ ಲಿಕ್ಟೆನ್‌ಸ್ಟೈನ್ ಅಂತ ಒಂದು ಸಣ್ಣ ದೇಶ ದಾಟಿದ್ರ ಆಸ್ಟ್ರಿಯಾ. ನೀ ಮಕ್ಕೋ, ನಾ ಇದ್ದೀನಿ.”

ನಿಲ್ದಾಣದ ಬೆಳಕು ಕಿಟಕಿಯ ಪರದೆಯ ಸಂದಿನಿಂದ ಕ್ಷಣಕಾಲ ಅವನ ಮುಖದ ಮೇಲೆ ಹಾಯಿತು. ಆ ಕಣ್ಣುಗಳಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ. ಅವನ ಕೈಯೂ ಪೆಟ್ಟಿಗೆಯ ಪಟ್ಟಿಯನ್ನು ಹಿಡಿದುಕೊಂಡಿತ್ತು. ಬಾಲಕನಾಗಿದ್ದಾಗ ಕಲಬುರಗಿಯ ಗಾಡಿಗಳಲ್ಲಿ ಅವನು ನಿದ್ದೆ ಮಾಡುತ್ತಿದ್ದಾನೆಂದೇ ತಾಯಿ ತಿಳಿದಿದ್ದರು. ಅಪ್ಪನ ಮಾತನ್ನು ಅವನು ಯಾವ ರಾತ್ರಿ ಕೇಳಿಸಿಕೊಂಡು ಕಲಿತನೋ!

ತಾನು ಎಚ್ಚರವಿರುವವರೆಗೆ ಇವನು ಮಲಗುವುದಿಲ್ಲ ಎಂಬುದು ಆಗ ಆಕೆಗೆ ಹೊಳೆಯಿತು. ಮಗನಿಗೆ ನಿದ್ದೆ ಬರಲಿ ಎಂಬ ಒಂದೇ ಕಾರಣಕ್ಕೆ ಆಕೆ ಹೊದಿಕೆಯನ್ನು ಎಳೆದುಕೊಂಡು ಕಣ್ಣು ಮುಚ್ಚಿದರು. ಉಸಿರನ್ನು ನಿಧಾನ ಮಾಡಿದರು. ಸಂಸಾರದಲ್ಲಿ ಇಂತಹ ಸುಳ್ಳನ್ನು ಆಡದ ತಾಯಿ ಯಾರಿದ್ದಾರೆ? ಆದರೆ ಆ ಸುಳ್ಳು ಎಷ್ಟು ಹೊತ್ತಿಗೆ ನಿಜವಾಯಿತೋ ಆಕೆಗೇ ತಿಳಿಯದು. 1884ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೂ ಉದ್ದವಾದ ಆರ್ಲ್‌ಬರ್ಗ್ ಸುರಂಗವನ್ನು ಗಾಡಿ ಹೊಕ್ಕು ಹೊರಟದ್ದೂ ಗೊತ್ತಾಗಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾದಾಗ ಹೊರಗೆ ಹೊಲಗಳ ಮೇಲೆ ಬಿಸಿಲು ಹರಡಿತ್ತು. ಪರಿಚಾರಕ ಚಹಾ ಮತ್ತು ಬನ್ನು ತಂದು ನಿಂತಿದ್ದನು. ಮಗ ಬಾಯಿ ತೆರೆದುಕೊಂಡು ಗಾಢವಾಗಿ ನಿದ್ರಿಸುತ್ತಿದ್ದನು. ಪಟ್ಟಿ ಕೈಯಿಂದ ಜಾರಿ ಹೋಗಿತ್ತು. ತಾಯಿ ತುಟಿಯ ಮೇಲೆ ಬೆರಳಿಟ್ಟು, ಸದ್ದಿಲ್ಲದೆ ತಟ್ಟೆಗಳನ್ನು ಇಸಿದುಕೊಂಡರು.

ವಿಯೆನ್ನಾ ಸಮೀಪಿಸಿದಾಗ ಅವನು ತಡಬಡಿಸಿ ಎದ್ದು ಕೇಳಿದನು: “ನಿದ್ದಿ ಬಂತೇನ್ ಯವ್ವಾ?”

“ಬಂತಪ್ಪಾ” ಎಂದರು ಆಕೆ. “ನಿಮ್ಮಪ್ಪ ಇದ್ದಾಗ ಬರ್ತಿತ್ತಲ್ಲ, ಹಂಗೇ ಬಂತು.”