ಕೊಂಡ ಹಗುರ, ಗಳಿಸಿದ ಬಲ

ಮಂಡ್ಯದ ಒಬ್ಬ ತರುಣನಿಗೆ ಸೈಕಲ್ ಸವಾರಿಯ ಹವ್ಯಾಸ. ಗೆಳೆಯರೊಡನೆ ಬೆಳಗಿನ ಜಾವ ಮದ್ದೂರಿಗೆ ಹೋಗಿ, ಅಲ್ಲಿಂದ ಮಳವಳ್ಳಿಯನ್ನು ಮುಟ್ಟಿ ಮರಳುವುದು ರೂಢಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಸೈಕಲ್ಲಿಗೆ ಪ್ರವೇಶ ತಪ್ಪಿತು. ಅವರು ಪಕ್ಕದ ಸರ್ವೀಸ್ ರಸ್ತೆಯನ್ನು ಹಿಡಿದರು.

ಸದಾ ಹಿಂದೆ ಬೀಳುತ್ತಿದ್ದ ತರುಣನು ದೋಷವನ್ನೆಲ್ಲ ಸೈಕಲ್ಲಿನ ಮೇಲೆ ಹೊರಿಸಿದನು. ಮನೆಗೆ ಹೊಸ ಹೆಂಚು ಹೊದಿಸಲು ಕೂಡಿಟ್ಟ ಹಣದಲ್ಲಿ ಹಗುರವಾದ ಚಕ್ರಗಳನ್ನು ಕೊಂಡನು. ತೂಕ ಒಂದು ಕಿಲೋ ಇಳಿಯಿತು. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇರುವಾಗ ಅದು ಎಷ್ಟರ ಮಾತು? ಏರಿನಲ್ಲಿ ಕೊಂಚ ಅನುಕೂಲವಾಯಿತು, ಅಷ್ಟೆ. ಸಮತಟ್ಟಾದ ದಾರಿಯಲ್ಲಿ ವೇಗದ ಸವಾರನಿಗೆ ನಿಜವಾದ ಎದುರಾಳಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಬಹುಮಟ್ಟಿಗೆ ಎದುರಿಸುವುದು ಚಕ್ರವಲ್ಲ, ಸವಾರನ ಮೈ.

ಮಳೆಗಾಲ ಬಂದಿತು. ಅವನು ಗೆಳೆಯನಿಂದ ಟ್ರೈನರನ್ನು ಎರವಲು ತಂದು, ಹಿಂದಿನ ಚಕ್ರವನ್ನು ಅದರ ಉರುಳೆಗೆ ಒತ್ತಿ ನಿಲ್ಲಿಸಿ, ಪಡಸಾಲೆಯಲ್ಲಿ ತುಳಿಯತೊಡಗಿದನು. ಎದುರುಗಾಳಿ ಇಲ್ಲದೆ ಬೆವರು ಧಾರೆಯಾಗಿ ಸುರಿಯುತ್ತಿತ್ತು. ಸೋರುವ ಹೆಂಚಿನ ಕೆಳಗೆ ಪಾತ್ರೆಯಿಡುತ್ತ ತಾಯಿ, “ಮದ್ದೂರು ಬಂತೇನಪ್ಪಾ?” ಎಂದು ನಗುತ್ತಿದ್ದರು. ಆ ನಗೆಯಲ್ಲಿ ಆಕ್ಷೇಪವಿರಲಿಲ್ಲ. ಅದೇ ಅವನನ್ನು ಹೆಚ್ಚು ನೋಯಿಸಿತು.

ಮಳೆ ನಿಲ್ಲುವ ವೇಳೆಗೆ ಅವನು ಚಕ್ರಗಳನ್ನು ಮಾರಿ ಹೆಂಚು ಹೊದಿಸಿದನು. ಹಳೆಯ ಚಕ್ರಗಳನ್ನೇ ಜೋಡಿಸಿಕೊಂಡು ಮಳವಳ್ಳಿಯ ದಾರಿ ಹಿಡಿದಾಗ, ಮೊದಲ ಸಲ ಗೆಳೆಯರ ಸಮಕ್ಕೆ ಸಾಗಿದನು. ನಿಂತಲ್ಲೇ ತುಳಿದ ಆ ದಿನಗಳು ಅವನನ್ನು ಬಹುದೂರ ಕರೆತಂದಿದ್ದವು.