ಕಾರ್ಕಳದ ದಾರಿಯಲ್ಲಿ ಸ್ಪ್ಯಾನಿಷ್ ಪಾಠ

ಉಡುಪಿಯ ರಥಬೀದಿಯಲ್ಲಿ ಬೆಳಗಿನ ಹೊತ್ತು ಅರ್ಧ ಗಳಿಗೆ ನಿಂತರೆ ಸಾಕು, ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಹೂ ಮಾರುವವಳದು ತುಳು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರದು ಕೊಂಕಣಿ. ಶಾಲೆಗೆ ಹೊರಟ ಮಕ್ಕಳದು ಕನ್ನಡ. ಮಠದ ಒಳಗಿನಿಂದ ಕೇಳಿಬರುವುದು ಸಂಸ್ಕೃತ. ಇಷ್ಟು ಸಾಲದೆಂಬಂತೆ ನನ್ನ ತಂಗಿಯ ಮಗಳು ಮೊನ್ನೆ ಐದನೆಯದೊಂದನ್ನು ಅಲ್ಲಿಗೆ ತಂದಳು.

ಹೋಟೆಲಿನಲ್ಲಿ ಮಸಾಲೆದೋಸೆಯ ಮಡಿಕೆಯನ್ನು ಬಿಡಿಸುತ್ತ, “ಮಾವ, ಬಟಾಟೆ ಎಂಬುದು ಪೋರ್ಚುಗೀಸರಿಂದ ನಮಗೆ ಬಂದ ಮಾತು. ಸ್ಪ್ಯಾನಿಷಿನಲ್ಲಿಯೂ ‘ಬತಾತ’ ಉಂಟು. ಆದರೆ ಅಲ್ಲಿ ಅದು ಸಿಹಿಗೆಣಸು,” ಎಂದಳು.

ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ದಿನವೂ ರಾತ್ರಿ ಅರ್ಧ ಗಂಟೆ ಮೊಬೈಲನ್ನು ಮುಂದಿಟ್ಟುಕೊಂಡು ತಾನಾಗಿಯೇ ಸ್ಪ್ಯಾನಿಷ್ ಕಲಿಯುತ್ತಾಳೆ. ಭಾವನವರಿಗೆ ಇದು ತಲೆನೋವಾಗಿದೆ. “ಪರೀಕ್ಷೆಯಲ್ಲಿ ಕೇಳದ ಭಾಷೆ ಈ ವರ್ಷ ಏತಕ್ಕೆ? ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ,” ಎಂದು ಅವಳನ್ನು ನನಗೆ ಒಪ್ಪಿಸಿದ್ದರು. ಕಾರ್ಕಳದಲ್ಲಿರುವ ನಮ್ಮ ತಾಯಿಯನ್ನು ನೋಡಿಬರುವುದು ಅಂದಿನ ಕಾರ್ಯಕ್ರಮ.

ಮೊದಲು ಮಣಿಪಾಲದ ಅವರ ಮನೆಗೆ ಹೋಗಿ ಅಜ್ಜಿಗೆಂದು ಕಟ್ಟಿಟ್ಟಿದ್ದ ಗಂಟನ್ನು ತೆಗೆದುಕೊಂಡೆವು. ಮಣಿಪಾಲವೆಂದರೆ ಒಂದು ಕಾಲಕ್ಕೆ ಬರಿಯ ಮುರಕಲ್ಲಿನ ಗುಡ್ಡ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಅಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಗುಡ್ಡಕ್ಕೆ ಲೋಕವೇ ಏರಿಬಂದಿತು. ಈಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿದೇಶಿ ಭಾಷೆಗಳನ್ನು ಕಲಿಸುತ್ತಾರೆ. ಬೀದಿಯಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳು ನಡೆದಾಡುತ್ತಾರೆ. ಅಂತಹ ಊರಿನಲ್ಲಿ ಬೆಳೆದ ಹುಡುಗಿಗೆ ಸ್ಪ್ಯಾನಿಷಿನ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವೇನು?

ಮಣಿಪಾಲದಿಂದ ಹಿರಿಯಡಕದ ಮೇಲಾಗಿ ಕಾರ್ಕಳಕ್ಕೆ ನೇರ ದಾರಿಯಿದೆ. ಬುದ್ಧಿ ಹೇಳಲು ಸಮಯ ಬೇಕಲ್ಲ ಎಂದು ನಾನು ಕಾಪುವಿನ ಸುತ್ತುದಾರಿಯನ್ನೇ ಹಿಡಿದೆ.

ಕಾಪುವಿನ ದೀಪಸ್ತಂಭ ಕಡಲಂಚಿನ ಬಂಡೆಯ ಮೇಲೆ ನಿಂತಿದೆ, ಅದು 1901ರದು. ಅದರ ಬುಡದಲ್ಲಿ ಕುಳಿತು ನನ್ನ ಉಪದೇಶವನ್ನು ಆರಂಭಿಸಿದೆ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಸ್ಪ್ಯಾನಿಷ್ ಇಲ್ಲ. ಕೇಂದ್ರೀಯ ಮಂಡಳಿಯ ಪಟ್ಟಿಯಲ್ಲಿ ಅದು ಇದ್ದರೂ ಕಲಿಸುವ ಶಾಲೆ ಹತ್ತಿರವಿರಬೇಕಷ್ಟೆ, ಎಂದೆ.

ಅವಳು ತಾಳ್ಮೆಯಿಂದ ಕೇಳಿ, “ಅದು ನಮಗೆ ಕಷ್ಟದ ಭಾಷೆಯಲ್ಲ, ಮಾವ,” ಎಂದು ತನ್ನ ಉಪದೇಶವನ್ನು ತೊಡಗಿದಳು. ಅದರಲ್ಲಿ ಸ್ವರಗಳು ಐದೇ: ಅ, ಎ, ಇ, ಒ, ಉ. ‘ಹೋಗುತ್ತೇನೆ’ ಎಂದರೆ ‘ನಾನು’ ಎಂದು ನಾವು ಬೇರೆ ಹೇಳಬೇಕಾಗಿಲ್ಲವಷ್ಟೆ? ಅಲ್ಲಿಯೂ ಹಾಗೆಯೇ, ಕ್ರಿಯಾಪದವೇ ಕರ್ತೃವನ್ನು ತಿಳಿಸುತ್ತದೆ. ನಾವು ಅಕ್ಷರಮಾಲೆಯಲ್ಲಿ ಕಲಿತು ಮರೆತುಬಿಡುವ ‘ಞ’ ಅಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ: ಹುಡುಗ ‘ನಿಞೊ’, ನಾಳೆ ‘ಮಞಾನ’. ಗೆಳೆಯನಿಗೆ ‘ತೂ’, ಹಿರಿಯರಿಗೆ ‘ಉಸ್ತೆದ್’. ನಮ್ಮ ನೀನು, ತಾವು ಇದ್ದಂತೆ. ಒಂದನ್ನು ಕಲಿತರೆ 20 ದೇಶಗಳಲ್ಲಿ ನಡೆಯುತ್ತದೆ.

ನಾನು ಸೋತೆ. ಎದುರಿಗಿದ್ದ ಕಡಲೂ ಅವಳ ಕಡೆಯೇ ಇದ್ದಂತಿತ್ತು. ಬಟಾಟೆಯೆಂಬ ಮಾತು ಅದರ ಮೇಲೆ ತಾನೇ ಬಂದುದು!

ಪಡುಬಿದ್ರಿಗೆ ಬಂದು ಬೆಳ್ಮಣ್, ನಿಟ್ಟೆಗಳ ಮಾರ್ಗವಾಗಿ ಕಾರ್ಕಳವನ್ನು ಸೇರುವಾಗ ಮಧ್ಯಾಹ್ನ ಕಳೆದಿತ್ತು. ಜಗಲಿಯಲ್ಲಿ ಕಾಯುತ್ತಿದ್ದ ಅಮ್ಮ ಮೊಮ್ಮಗಳ ತಲೆ ನೇವರಿಸಿ, “ವನಸ್ ಆಂಡಾ?” ಎಂದು ಕೇಳಿದರು. ಊಟವಾಯಿತೇ ಎಂದು. ಹುಡುಗಿ ತಡವರಿಸಿ, “ಆಂಡ್ ಅಜ್ಜಿ. ಈ ವನಸ್ ಮಲ್ತನಾ?” ಎಂದಳು.

ತುಳುವಿನ ‘ಈ’ ಎಂದರೆ ನೀನು. ಹಿರಿಯರಿಗೆ ‘ಈರ್’ ಎನ್ನುವುದು ನಮ್ಮ ಮನೆಯ ಪದ್ಧತಿ. ಅಮ್ಮ ನಕ್ಕುಬಿಟ್ಟರು, ಬೇಸರಿಸಲಿಲ್ಲ. ಆದರೆ ಆ ನಗೆಯ ಬಳಿಕ ಅವರು ಕನ್ನಡಕ್ಕೆ ಹೊರಳಿದರು. ಅತಿಥಿಗಳೊಡನೆ ಮಾತ್ರ ಅವರಾಡುವ, ಪುಸ್ತಕದಂತಹ ಕನ್ನಡ. ನನ್ನ ಎದೆ ಚುಳ್ಳೆಂದಿತು. ಕಡಲಾಚೆಯ ಅಜ್ಜಿಗೆ ‘ಉಸ್ತೆದ್’ ಎನ್ನಬಲ್ಲ ಹುಡುಗಿಗೆ ತನ್ನ ಅಜ್ಜಿಯನ್ನು ‘ಈರ್’ ಎನ್ನಲು ನಾವು ಯಾರೂ ಕಲಿಸಿರಲಿಲ್ಲ.

ತಪ್ಪು ಅವಳದಲ್ಲ. ಶಾಲೆಗೆ ಅಡ್ಡಿಯಾದೀತೆಂದು ಮನೆಯಲ್ಲಿ ತುಳುವನ್ನು ಬಿಟ್ಟವರು ಹಿರಿಯರಾದ ನಾವೇ. ತುಳುವಿಗೆ ಪುಸ್ತಕವಿಲ್ಲವೆಂಬ ನೆವವೂ ನಿಲ್ಲದು. ಬಾಸೆಲ್ ಮಿಶನ್ನಿನ ಬ್ರಿಗೆಲ್ 1872ರಲ್ಲಿ ಅದರ ವ್ಯಾಕರಣವನ್ನೂ ಮ್ಯಾನ್ನರ್ 1886ರಲ್ಲಿ ನಿಘಂಟನ್ನೂ ಹೊರತಂದರು. ಹೊರದೇಶದಿಂದ ಬಂದು, ದೊಡ್ಡವರಾದ ಮೇಲೆ ಈ ಭಾಷೆಯನ್ನು ಕಲಿತವರು ಅವರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ಬಂದಿತು. 2010ರಿಂದ ತುಳುವನ್ನು ತೃತೀಯ ಭಾಷೆಯಾಗಿ ಶಾಲೆಯಲ್ಲಿ ಓದಬಹುದು. ಅವಳ ಶಾಲೆಯಲ್ಲಿ ಅದಿರಲಿಲ್ಲ, ನಾವು ಕೇಳಲೂ ಇಲ್ಲ.

ಸಂಜೆ ಮೂವರೂ ಚತುರ್ಮುಖ ಬಸದಿಗೆ ಹೋದೆವು. 1586ರ ಆ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಯಾವ ಕಡೆಯಿಂದ ಹೊಕ್ಕರೂ ತೀರ್ಥಂಕರರು ನಮಗೇ ಮುಖಮಾಡಿ ನಿಂತಿರುತ್ತಾರೆ. ಎದುರಿನ ಬೆಟ್ಟದ ಮೇಲೆ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಇಳಿಬಿಸಿಲಿನಲ್ಲಿ ಕೆಂಪಾಗಿದ್ದ.

ಮೆಟ್ಟಿಲಿನ ಮೇಲೆ ಕುಳಿತು ಅಮ್ಮ ಕೇಳಿದರು: “ನಿನ್ನ ಆ ಭಾಷೆಯಲ್ಲಿ ‘ವನಸ್ ಆಂಡಾ’ ಎನ್ನುವುದಕ್ಕೆ ಏನೆನ್ನುತ್ತಾರೆ?”

“ಗೆಳತಿಗಾದರೆ ‘ಯಾ ಕೊಮಿಸ್ತೆ’. ನಿಮಗಾದರೆ ‘ಯಾ ಕೊಮಿಯೊ’,” ಎಂದ ಹುಡುಗಿ ಥಟ್ಟನೆ ನಿಂತಳು. ಮುಖ ಕೆಂಪಗಾಯಿತು. ಬಳಿಕ ಮೆಲ್ಲನೆ, ಒಂದೊಂದೇ ಮಾತನ್ನು ಜೋಡಿಸುತ್ತ, “ಅಜ್ಜಿ, ಈರ್ ವನಸ್ ಮಲ್ತರಾ?” ಎಂದಳು.

ಅಮ್ಮ ತುಳುವಿನಲ್ಲಿಯೇ ಉತ್ತರಿಸಿದರು. ಕತ್ತಲಾಗುವವರೆಗೂ ಅವರು ತುಳುವನ್ನು ಬಿಡಲಿಲ್ಲ. ಅವಳಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಕೇಳಿ ಕೇಳಿ ತಿಳಿದುಕೊಂಡಳು.

ರಾತ್ರಿ ಭಾವನವರಿಗೆ ಫೋನು ಮಾಡಿ ಹೇಳಿದೆ: ಸ್ಪ್ಯಾನಿಷಿನ ಅರ್ಧ ಗಂಟೆಯನ್ನು ಕಸಿಯಬೇಡಿ, ಕಲಿಯುವ ಹಸಿವೆ ಪರೀಕ್ಷೆಗೆ ಶತ್ರುವಲ್ಲ, ಆದರೆ ಭಾನುವಾರಕ್ಕೊಮ್ಮೆ ಅವಳು ಅಜ್ಜಿಯೊಡನೆ ಫೋನಿನಲ್ಲಿ ತುಳುವಿನಲ್ಲಿ ಮಾತನಾಡಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಒಂದೆರಡು ಮಾತು ಮರೆತಿದ್ದೇನೆ,” ಎಂದರು.